ಬ್ರಿಕ್ಸ್‌ಟನ್: ಪತ್ರ ಇದ್ದವರು ಉಳಿದರು

ಲಂಡನ್ನಿನ ಸುರಂಗ ರೈಲಿನ ವಿಕ್ಟೋರಿಯಾ ಮಾರ್ಗ ದಕ್ಷಿಣದಲ್ಲಿ ಬ್ರಿಕ್ಸ್‌ಟನ್‌ಗೆ ಬಂದು ಮುಗಿಯುತ್ತದೆ. ಅಲ್ಲಿಂದ ಆಕ್ಸ್‌ಫರ್ಡ್ ಸರ್ಕಸ್‌ಗೆ ಕಾಲು ಗಂಟೆಯ ದಾರಿ. ಮೊದಲ ನಿಲ್ದಾಣವಾದ್ದರಿಂದ ಬೆಳಗಿನ ಗದ್ದಲದಲ್ಲೂ ಕೂರಲು ಸೀಟು ಸಿಗುತ್ತದೆ. ಈ ಬಡಾವಣೆಯ ಮನೆಬೆಲೆ ಯಾಕೆ ಹೀಗೆ ಏರಿತು ಎಂದು ಕೇಳಿದರೆ ಸಂಗೀತ, ಕಲೆ, ಊಟ, 'ವೈಬ್' ಅಂತೆಲ್ಲ ಹೇಳುತ್ತಾರೆ. ಸೀಟಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಆದರೆ ನಗರದ ಮಧ್ಯದಲ್ಲಿ ಕೆಲಸ ಮಾಡುವ, ತಿಂಗಳ ಸಂಬಳ ಚೆನ್ನಾಗಿರುವ ಮೂವತ್ತರ ಪ್ರಾಯದವರಿಗೆ 1971ರಲ್ಲಿ ತೆರೆದ ಈ ನಿಲ್ದಾಣಕ್ಕಿಂತ ದೊಡ್ಡ ಆಕರ್ಷಣೆ ಇಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ನಿಲ್ದಾಣದಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಎರಡೇ ನಿಮಿಷದಲ್ಲಿ ಎಲೆಕ್ಟ್ರಿಕ್ ಅವೆನ್ಯೂ. 1880ರ ದಶಕದಲ್ಲಿ ವಿದ್ಯುದ್ದೀಪ ಕಂಡ ಮೊದಲ ಸಂತೆಬೀದಿ ಎಂಬ ಹೆಮ್ಮೆ ಇದಕ್ಕೆ. ಈಗ ತಳ್ಳುಗಾಡಿಗಳ ಮೇಲೆ ಸ್ಟೀಲ್ ಬೋಗುಣಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರಲ್ಲಿ ಟೊಮೆಟೊ, ಬೆಂಡೆಕಾಯಿ, ಕೆಂಪು ಹಳದಿ ಬಣ್ಣದ ಸ್ಕಾಚ್ ಬಾನೆಟ್ ಮೆಣಸಿನಕಾಯಿ. ತೂಕವಿಲ್ಲ, ಬೋಗುಣಿಗೆ ಇಷ್ಟು ಅಂತ ಒಂದೇ ದರ. ಕೈಚೀಲ ಒಡ್ಡಿದರೆ ಬೋಗುಣಿಯನ್ನು ಅದರೊಳಕ್ಕೆ ಬೋರಲು ಹಾಕುತ್ತಾರೆ. ಮಗ್ಗುಲಲ್ಲಿ ಗೆಣಸಿನ ಜಾತಿಯ ಯಾಮ್, ಮರಗೆಣಸು, ಹಸಿರು ಬಾಳೆ, ಉಪ್ಪು ಹಾಕಿ ಒಣಗಿಸಿದ ಮೀನು. ಹಲಾಲ್ ಮಾಂಸದಂಗಡಿಯ ಗಾಜಿನ ಹಿಂದೆ ಮೇಕೆ ಮಾಂಸ, ಹಸುವಿನ ಕಾಲು. ಜಮೈಕಾದ ಅಜ್ಜಿ, ಘಾನಾದ ತಾಯಿ, ಕೊಲಂಬಿಯಾದ ಹುಡುಗ, ಎರಿಟ್ರಿಯಾದ ಟ್ಯಾಕ್ಸಿ ಚಾಲಕ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಕರಿಬೇವು, ನುಗ್ಗೆಕಾಯಿ ಬೇಕಾದ ನಮ್ಮವರು ಮಾತ್ರ ಇನ್ನೂ ದಕ್ಷಿಣಕ್ಕೆ, ಟೂಟಿಂಗ್‌ಗೆ ಹೋಗುತ್ತಾರೆ. ಅದು ಬೇರೆ ಕತೆ.

ಇದೇ ಬೀದಿಯಿಂದ ಕಣ್ಣಳತೆಯ ದೂರದಲ್ಲಿರುವ, ಮೇಲೆ ಚಾವಣಿಯಿರುವ ಮಾರುಕಟ್ಟೆಯೊಳಗೆ ಹೋದರೆ ಒಂದು ಲೋಟ ವೈನ್‌ಗೆ ಕೊಡುವ ದುಡ್ಡಿನಲ್ಲಿ ಹೊರಗೆ ಏಳೆಂಟು ಬೋಗುಣಿ ತರಕಾರಿ ಬರುತ್ತದೆ. ಎರಡೂ ಕಡೆಯ ಗಿರಾಕಿಗಳು ಒಂದೇ ಪಿನ್‌ಕೋಡಿನವರು.

ಬ್ರಿಕ್ಸ್‌ಟನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಹಳೆಯದು ಹೊಸದು, ಕಪ್ಪು ಬಿಳಿ ಎಂದು ಎರಡು ಪಾಲು ಮಾಡುತ್ತಾರೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಇಲ್ಲಿ ಯಾರು ಉಳಿದರು, ಯಾರು ಗಂಟುಮೂಟೆ ಕಟ್ಟಿದರು ಎಂದು ಹಿಂಬಾಲಿಸಿ ನೋಡಿದರೆ ಪ್ರತಿ ತಿರುವಿನಲ್ಲೂ ಕಾಣುವುದು ಒಂದೇ ಪ್ರಶ್ನೆ: ಕೈಯಲ್ಲಿ ಯಾವ ಪತ್ರ ಇತ್ತು? ಕ್ರಯಪತ್ರವೋ, ಕೌನ್ಸಿಲ್ಲಿನ (ಅಂದರೆ ಸ್ಥಳೀಯ ನಗರಾಡಳಿತದ) ಕಾಯಂ ಬಾಡಿಗೆ ಪತ್ರವೋ, ಆರು ತಿಂಗಳ ಕರಾರೋ, ಅಥವಾ ಏನೂ ಇಲ್ಲವೋ?

ಮೊದಲ ಮನೆಗಳು

ಥೇಮ್ಸ್ ಮೇಲೆ ಸೇತುವೆಗಳಾಗಿ, 1860ರ ದಶಕದಲ್ಲಿ ರೈಲು ಬಂದ ಮೇಲೆ ಬ್ರಿಕ್ಸ್‌ಟನ್ ಉಳ್ಳವರ ಬಡಾವಣೆಯಾಯಿತು. 1877ರಲ್ಲಿ ಕುದುರೆ ಜೂಜಿನಲ್ಲಿ ಗೆದ್ದ ಹಣದಿಂದ ಒಬ್ಬಾತ ಇಲ್ಲಿ ಬಾನ್ ಮಾರ್ಷೆ ಎಂಬ ಭಾರಿ ಅಂಗಡಿ ಕಟ್ಟಿಸಿದ. ಆ ಉದ್ದೇಶಕ್ಕೆಂದೇ ಕಟ್ಟಿದ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಬ್ರಿಟನ್ನಿಗೇ ಮೊದಲನೆಯದು ಎನ್ನುತ್ತಾರೆ. ನಾಲ್ಕು ಅಂತಸ್ತಿನ, ಆಳುಕಾಳುಗಳ ಕೋಣೆಯಿದ್ದ ಆ ದೊಡ್ಡ ಮನೆಗಳನ್ನು ಸಾಕುವುದು ಇಪ್ಪತ್ತನೇ ಶತಮಾನದಲ್ಲಿ ಕಷ್ಟವಾಯಿತು. ಒಡೆಯರು ಹೊರವಲಯಕ್ಕೆ ಹೋದರು, ಮನೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಬಿದ್ದವು. ಯುದ್ಧದ ಬಾಂಬುಗಳು ಉಳಿದದ್ದನ್ನು ಹಾಳುಗೆಡವಿದವು.

1948ರ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ಟಿಲ್ಬರಿಯಲ್ಲಿ ಕೆರಿಬಿಯನ್ ಜನರನ್ನು ಇಳಿಸಿತು. ಅವರಲ್ಲಿ ಉಳಿಯಲು ಜಾಗ ಗೊತ್ತಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕ್ಲಾಪಮ್ ಸೌತ್‌ನ ಯುದ್ಧಕಾಲದ ಪಾತಾಳ ಆಶ್ರಯತಾಣದಲ್ಲಿ ಇಳಿಸಿಕೊಂಡರು. ಅಲ್ಲಿಗೆ ಹತ್ತಿರದ ಉದ್ಯೋಗ ವಿನಿಮಯ ಕಚೇರಿ ಇದ್ದದ್ದು ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ. ಕೆಲಸ ಕೇಳಲು ನಡೆದು ಬಂದವರು ಆಸುಪಾಸಿನಲ್ಲೇ ಕೋಣೆ ಹುಡುಕಿದರು. ಬ್ರಿಕ್ಸ್‌ಟನ್ ಬ್ರಿಟನ್ನಿನ ಕಪ್ಪು ಜನರ ರಾಜಧಾನಿ ಎನಿಸಿಕೊಂಡದ್ದರ ಹಿಂದೆ ಯಾವ ಯೋಜನೆಯೂ ಇರಲಿಲ್ಲ; ಒಂದು ಸರ್ಕಾರಿ ಕಚೇರಿಯ ವಿಳಾಸ ಇತ್ತು, ಅಷ್ಟೇ.

ಕೋಣೆ ಸಿಗುವುದೂ ಸುಲಭವಿರಲಿಲ್ಲ. 'ಕಪ್ಪು ಜನರಿಗಿಲ್ಲ' ಎಂದು ಕಿಟಕಿಯಲ್ಲೇ ಬೋರ್ಡು ಹಾಕುತ್ತಿದ್ದ ಕಾಲ. ಮನೆ ಕೊಡುವಲ್ಲಿ ಭೇದ ಮಾಡುವುದು ಕಾನೂನುಬಾಹಿರ ಎನಿಸಿದ್ದು 1968ರಲ್ಲಿ. ಬ್ಯಾಂಕುಗಳು, ಬಿಲ್ಡಿಂಗ್ ಸೊಸೈಟಿಗಳು ಸಾಲ ಕೊಡುತ್ತಿರಲಿಲ್ಲ. ಆಗ ಕೈಹಿಡಿದದ್ದು 'ಪಾರ್ಡ್ನರ್'. ಹತ್ತಿಪ್ಪತ್ತು ಮಂದಿ ಸೇರಿ ವಾರವಾರ ಇಂತಿಷ್ಟು ಹಾಕುವುದು, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಗಂಟನ್ನು ಎತ್ತುವುದು, ಲೆಕ್ಕ ಇಡಲು ನಂಬಿಕಸ್ಥ ಹೆಂಗಸೊಬ್ಬಳು. ನಮ್ಮ ಕೇರಿಗಳ ಚೀಟಿ ವ್ಯವಹಾರವೇ, ಹರಾಜು ಕೂಗುವುದೊಂದನ್ನು ಬಿಟ್ಟರೆ. ಹೀಗೆ ಎತ್ತಿದ ಗಂಟನ್ನು ಮುಂಗಡವಾಗಿ ಕೊಟ್ಟು, ಬಾಕಿಗೆ ದುಬಾರಿ ಬಡ್ಡಿಯ ಖಾಸಗಿ ಸಾಲ ಮಾಡಿ, ಯಾರಿಗೂ ಬೇಡವಾಗಿದ್ದ ಹಾಳು ಬಿದ್ದ ಮನೆಗಳನ್ನು ಕೊಂಡರು. ಒಂದು ಕೋಣೆಯಲ್ಲಿ ತಾವಿದ್ದು ಉಳಿದವನ್ನು ಊರಿಂದ ಬಂದವರಿಗೆ ಬಾಡಿಗೆಗೆ ಕೊಟ್ಟು ಸಾಲ ತೀರಿಸಿದರು.

ಜೆನೀವಾ ರೋಡ್ ಮತ್ತು ಸೊಮರ್ಲೇಟನ್ ರೋಡ್ ಈ ಮೊದಲ ತಲೆಮಾರಿನವರ ಬೀದಿಗಳು. ಮುಂದೆ ಕೊಳೆಗೇರಿ ತೆರವಿನ ಹೆಸರಿನಲ್ಲಿ ಕೌನ್ಸಿಲ್ ಕೈಗೆ ಹೋಗಿ ಆ ಹಳೆಯ ಮನೆಗಳು ನೆಲಸಮವಾದವು. ಅಂದರೆ ಈ ಬಡಾವಣೆಯ ಮೊದಲ ದೊಡ್ಡ ಎತ್ತಂಗಡಿ ಮಾಡಿಸಿದ್ದು ವೈನ್ ಅಂಗಡಿಯಲ್ಲ, ಸದುದ್ದೇಶದ ಸರ್ಕಾರ. ಸ್ವಲ್ಪ ಆಚೀಚೆ ಇದ್ದು ಬಚಾವಾದ ಮನೆಗಳು ಕೆರಿಬಿಯನ್ ಕುಟುಂಬಗಳ ಕೈಯಲ್ಲೇ ಉಳಿದವು.

ಆಗದ ಯೋಜನೆಗಳ ಫಲ

1960ರ ದಶಕದ ಕೊನೆಯಲ್ಲಿ ಲಂಡನ್ ನಡುವೆ ವರ್ತುಲ ಹೆದ್ದಾರಿಗಳನ್ನು ಹಾಯಿಸುವ ಭಾರಿ ಯೋಜನೆ ಇತ್ತು. ಅದರಲ್ಲೊಂದು ಬ್ರಿಕ್ಸ್‌ಟನ್ ನೆತ್ತಿಯ ಮೇಲೆಯೇ ಹೋಗಬೇಕಿತ್ತು. ಹೆದ್ದಾರಿಯ ಸದ್ದನ್ನು ತಡೆಯಲೆಂದು ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ ಕೋಟೆ ಗೋಡೆಯಂಥ ವಸತಿ ಕಟ್ಟಡ, ಸೌತ್ವಿಕ್ ಹೌಸ್, ವಿನ್ಯಾಸಗೊಂಡಿತು. ರಸ್ತೆಯ ಕಡೆ ಪುಟ್ಟ ಪುಟ್ಟ ಕಿಟಕಿಗಳು, ಒಳಗಡೆಗೆ ಬಾಲ್ಕನಿ. 1973ರಲ್ಲಿ ಹೆದ್ದಾರಿ ಯೋಜನೆ ಬಿದ್ದುಹೋಯಿತು. ಗೋಡೆ ಮಾತ್ರ ಎದ್ದಿತು. ಬಾರದ ರಸ್ತೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅದು ಇವತ್ತಿಗೂ ನಿಂತಿದೆ, ಜನ ಅದನ್ನು 'ಬ್ಯಾರಿಯರ್ ಬ್ಲಾಕ್' ಎನ್ನುತ್ತಾರೆ.

ಹೆದ್ದಾರಿಗೆ, ಗಗನಚುಂಬಿಗಳಿಗೆ ಎಂದು ಖಾಲಿ ಮಾಡಿಸಿದ ಮನೆಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಖಾಲಿ ಮನೆ ಎಂದರೆ ಇಂಗ್ಲೆಂಡಿನಲ್ಲಿ ಆಗ 'ಸ್ಕ್ವಾಟ್': ಬೀಗ ಬದಲಾಯಿಸಿ ಒಳಗೆ ಬಿಡಾರ ಹೂಡಿದರೆ ಹೊರಹಾಕಲು ಒಡೆಯ ನ್ಯಾಯಾಲಯಕ್ಕೆ ಹೋಗಬೇಕಿತ್ತು. ರೈಲ್ಟನ್ ರೋಡ್ 121ರಲ್ಲಿ ಒಲಿವ್ ಮಾರಿಸ್ ಎಂಬ ಕಪ್ಪು ಹೋರಾಟಗಾರ್ತಿ ಮತ್ತು ಗೆಳತಿಯರು ಹೀಗೆ ಹೊಕ್ಕರು. ಅದೇ ಬೀದಿಯ 165ರಲ್ಲಿ ಕಪ್ಪು ಹೋರಾಟಗಾರ ಡಾರ್ಕಸ್ ಹೌ ಮುನ್ನಡೆಸಿದ ಪತ್ರಿಕೆಯ ಕಚೇರಿ. ಅದರ ಮಾಳಿಗೆಯಲ್ಲಿ ಕೊನೆಗಾಲ ಕಳೆದ ಟ್ರಿನಿಡಾಡಿನ ಚಿಂತಕ ಸಿ.ಎಲ್.ಆರ್. ಜೇಮ್ಸ್ 1989ರಲ್ಲಿ ತೀರಿಕೊಂಡರು. ವಿಲ್ಲಾ ರೋಡ್‌ನಲ್ಲಿ ಬಿಳಿಯ ಎಡಪಂಥೀಯರು ಬೀದಿಗೆ ಬೀದಿಯನ್ನೇ ಹಿಡಿದು, ಬುಲ್ಡೋಜರ್‌ಗೆ ಅಡ್ಡ ನಿಂತು ಅರ್ಧ ಬೀದಿಯನ್ನು ಉಳಿಸಿಕೊಂಡರು. ಕಲಾವಿದರು, ಸಲಿಂಗಿ ಸಮುದಾಯದವರು, ಸಂಗೀತಗಾರರು ಬಂದದ್ದು ಹೀಗೆ. ಎಲ್ಲರಿಗೂ ಬೇಕಿದ್ದದ್ದು ಬಾಡಿಗೆಯಿಲ್ಲದ ಸೂರು. ಇವರು ತಂದ ಬಣ್ಣವನ್ನೇ ಮುಂದೆ ಮನೆ ದಲ್ಲಾಳಿಗಳು ಜಾಹೀರಾತಿನಲ್ಲಿ ಮಾರಿದರು.

1981ರ ಏಪ್ರಿಲ್ ಬಗ್ಗೆ ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಅನುಮಾನದ ಮೇಲೆ ಯಾರನ್ನೂ ಹಿಡಿಯಲು ಬಿಡುತ್ತಿದ್ದ 1824ರ ಅಲೆಮಾರಿ ಕಾಯ್ದೆ ಇನ್ನೂ ಜಾರಿಯಲ್ಲಿತ್ತು. 'ಸ್ವಾಂಪ್ 81' ಎಂಬ ಕಾರ್ಯಾಚರಣೆಯಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ 943 ಮಂದಿಯನ್ನು ತಡೆದು ತಪಾಸಣೆ ಮಾಡಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರು. ಏಪ್ರಿಲ್ 10ರಿಂದ ಮೂರು ದಿನ ಊರು ಹೊತ್ತಿ ಉರಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಲಾರ್ಡ್ ಸ್ಕಾರ್ಮನ್ ವರದಿ ನಿರುದ್ಯೋಗ, ಕೆಟ್ಟ ವಸತಿ, ಪೊಲೀಸರ ನಡವಳಿಕೆಯತ್ತ ಬೊಟ್ಟು ಮಾಡಿತು. 1985ರಲ್ಲಿ ಚೆರಿ ಗ್ರೋಸ್ ಎಂಬ ತಾಯಿಗೆ ಅವರ ಮನೆಯೊಳಗೇ ಪೊಲೀಸರು ಗುಂಡು ಹೊಡೆದಾಗ ಮತ್ತೆ ಗಲಭೆ. ನನ್ನ ಲೆಕ್ಕಕ್ಕೆ ಬೇಕಾದ ಅಂಶ ಇಷ್ಟು: ಬ್ರಿಕ್ಸ್‌ಟನ್ ಎಂದರೆ ಭಯ ಎಂಬ ಹೆಸರು ಹೊರಗಿನವರಲ್ಲಿ ಉಳಿದುಬಿಟ್ಟಿತು, ಆ ಕೆಟ್ಟ ಹೆಸರು ಹದಿನೈದು ಇಪ್ಪತ್ತು ವರ್ಷ ಬೆಲೆಯನ್ನು ಹಿಡಿದಿಟ್ಟಿತು. ನಗರದ ಮಧ್ಯಕ್ಕೆ ಕಾಲು ಗಂಟೆ ದೂರದ, ಎತ್ತರದ ಚಾವಣಿಯ ವಿಕ್ಟೋರಿಯಾ ಕಾಲದ ಮನೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಅಷ್ಟು ದಿನ ಅದು ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದೇ ಸೋಜಿಗ.

ಮಾರುಕಟ್ಟೆ: ಇಪ್ಪತ್ತು ಖಾಲಿ ಅಂಗಡಿಗಳು

ಇಡೀ ಪ್ರಕರಣದ ತಿರುಳು ಇರುವುದು 1937ರಲ್ಲಿ ಕಟ್ಟಿದ ಗ್ರಾನ್‌ವಿಲ್ ಆರ್ಕೇಡ್‌ನಲ್ಲಿ. ಮೇಲೆ ಗಾಜಿನ ಚಾವಣಿ, ಕೆಳಗೆ ಓಣಿಗಳು, ಎರಡೂ ಬದಿ ಪುಟ್ಟ ಅಂಗಡಿಗಳು. ಇದರ ಪಕ್ಕದಲ್ಲೇ ಇನ್ನೂ ಹಳೆಯ ಮಾರ್ಕೆಟ್ ರೋ ಮತ್ತು ರಿಲಯನ್ಸ್ ಆರ್ಕೇಡ್ ಇವೆ. 1960ರ ನಂತರ ಕೆರಿಬಿಯನ್ ಅಡುಗೆಗೆ ಬೇಕಾದದ್ದೆಲ್ಲ ಸಿಗುವ ಜಾಗ ಇದಾಗಿತ್ತು. ಬಟ್ಟೆ ಹೊಲಿಯುವವರು, ವಿಗ್ ಮಾರುವವರು, ಮೀನಂಗಡಿ, ರೆಕಾರ್ಡ್ ಅಂಗಡಿ. ಹೊತ್ತು ಮುಳುಗಿದರೆ ಬೀಗ.

2000ದ ದಶಕದ ಕೊನೆಗೆ ಅಂಗಡಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಆಗಿನ ಒಡೆಯ ಲಂಡನ್ ಅಂಡ್ ಅಸೋಸಿಯೇಟೆಡ್ ಪ್ರಾಪರ್ಟೀಸ್ ಗ್ರಾನ್‌ವಿಲ್ ಆರ್ಕೇಡನ್ನು ಕೆಡವಿ ಫ್ಲ್ಯಾಟುಗಳನ್ನು ಕಟ್ಟುವ ಯೋಚನೆಯಲ್ಲಿತ್ತು. ಸ್ಥಳೀಯರು 'ಫ್ರೆಂಡ್ಸ್ ಆಫ್ ಬ್ರಿಕ್ಸ್‌ಟನ್ ಮಾರ್ಕೆಟ್' ಎಂಬ ಗುಂಪು ಕಟ್ಟಿ ಅಡ್ಡ ನಿಂತರು. 2010ರಲ್ಲಿ ಮೂರೂ ಆರ್ಕೇಡುಗಳು ಎರಡನೇ ದರ್ಜೆಯ ಸಂರಕ್ಷಿತ ಕಟ್ಟಡಗಳಾದವು. ಕಾರಣ ಬರೀ ವಾಸ್ತುವಲ್ಲ. ಯುದ್ಧದ ನಂತರ ಬಂದ ಕೆರಿಬಿಯನ್ ಸಮುದಾಯದ ಬದುಕಿನಲ್ಲಿ ಈ ಜಾಗಕ್ಕಿರುವ ಪಾತ್ರವನ್ನೂ ಪರಿಗಣಿಸಿದ್ದರು. ದೊಡ್ಡ ಗೆಲುವು. ಆದರೆ ಇಂಗ್ಲೆಂಡಿನ ಈ ಸಂರಕ್ಷಣೆಯ ಕಾನೂನು ಗೋಡೆ, ಗಾಜು, ಕಂಬಗಳನ್ನು ಕಾಯುತ್ತದೆ. ಅಂಗಡಿಯೊಳಗೆ ಕೂತವರನ್ನು ಕಾಯುವುದಿಲ್ಲ.

ಇದೇ ಹೊತ್ತಿಗೆ, 2009ರ ಕೊನೆಗೆ, ಒಡೆಯರು ಸ್ಪೇಸ್ ಮೇಕರ್ಸ್ ಎಂಬ ಪುಟ್ಟ ಸಂಸ್ಥೆಯನ್ನು ಕರೆದು ಖಾಲಿ ಬಿದ್ದ ಇಪ್ಪತ್ತು ಅಂಗಡಿಗಳನ್ನು ತುಂಬಿಸಲು ಹೇಳಿದರು. ಷರತ್ತು ಸರಳ: ಮೊದಲ ಮೂರು ತಿಂಗಳು ಬಾಡಿಗೆಯಿಲ್ಲ. ಒಳ್ಳೆಯ ಐಡಿಯಾ ಇದ್ದವರು ಬನ್ನಿ ಎಂದರು. ಬಂದರು. ಕೈಯಿಂದ ಮಾಡಿದ ಆಭರಣ, ಹಳೆ ಬಟ್ಟೆ, ಪುಟ್ಟ ಗ್ಯಾಲರಿ, ಕಾಫಿ, ಬಗೆಬಗೆಯ ಊಟ. ರಾತ್ರಿ ಹೊತ್ತೂ ಬಾಗಿಲು ತೆರೆದಿಟ್ಟರು. ಬಂದವರಲ್ಲಿ ದುರುದ್ದೇಶ ಇದ್ದವರು ಯಾರೂ ಇರಲಿಲ್ಲ. ಬಹಳಷ್ಟು ಮಂದಿ ಅಲ್ಲಿನವರೇ, ಸ್ವಂತ ಅಂಗಡಿ ಇಡುವ ತಾಕತ್ತಿಲ್ಲದವರೇ. ಈ ಭಾಗವನ್ನು ಬಿಟ್ಟು ಬರೆಯುವ ಜೆಂಟ್ರಿಫಿಕೇಶನ್ (ಉಳ್ಳವರು ಬಂದು ಬೆಲೆ ಏರಿ ಹಳಬರು ಜಾಗ ಬಿಡುವ) ಕತೆಗಳು ನನಗೆ ಸಪ್ಪೆ ಎನಿಸುತ್ತವೆ.

ಪತ್ರಿಕೆಗಳು ಹೊಗಳಿ ಬರೆದವು. 'ಗ್ರಾನ್‌ವಿಲ್ ಆರ್ಕೇಡ್' ಎಂಬ ಹೆಸರು ಹಿಂದೆ ಸರಿದು 'ಬ್ರಿಕ್ಸ್‌ಟನ್ ವಿಲೇಜ್' ಎಂಬುದೇ ಬಾಯಲ್ಲಿ ಉಳಿಯಿತು. 2008ರಲ್ಲಿ ಮಾರ್ಕೆಟ್ ರೋನಲ್ಲಿ ಶುರುವಾದ ಫ್ರಾಂಕೊ ಮಂಕಾ ಪಿಟ್ಸಾ ಅಂಗಡಿ, 2011ರಲ್ಲಿ ವಿಲೇಜ್‌ನಲ್ಲಿ ಹುಟ್ಟಿದ ಆನೆಸ್ಟ್ ಬರ್ಗರ್ಸ್ ಎರಡೂ ಹಲವು ಊರುಗಳಲ್ಲಿ ಶಾಖೆಗಳಿರುವ ಸರಣಿ ಹೋಟೆಲುಗಳಾಗಿ ಬೆಳೆದವು. 2013ರಲ್ಲಿ ಶಾಂಪೇನ್ ಮತ್ತು ಚೀಸ್ ಮಾರುವ ಅಂಗಡಿ ಬಂದಾಗ ಬಾಗಿಲಲ್ಲೇ ಪ್ರತಿಭಟನೆ ನಡೆಯಿತು. ಅದೇ ವರ್ಷ ಫಾಕ್ಸ್‌ಟನ್ಸ್ ಎಂಬ ಮನೆ ದಲ್ಲಾಳಿ ಸಂಸ್ಥೆ ಗಾಜಿನ ಕಚೇರಿ ತೆರೆಯಿತು, ಗಾಜಿನ ಮೇಲೆ ಯಾರೋ ಬೈಗುಳ ಬರೆದರು. ಎರಡು ವರ್ಷದ ನಂತರ, 2015ರ ಏಪ್ರಿಲ್ 25ರ 'ರಿಕ್ಲೇಮ್ ಬ್ರಿಕ್ಸ್‌ಟನ್' ಮೆರವಣಿಗೆಯ ದಿನ, ಆ ಗಾಜೇ ಪುಡಿಯಾಯಿತು.

ಮೂರು ತಿಂಗಳ ಉಚಿತ ಬಾಡಿಗೆ ಮುಗಿದ ಮೇಲೆ ಏನಾಯಿತು ಎಂಬುದು ಮುಖ್ಯ. ಖಾಲಿ ಓಣಿಗೆ ಜನ ಬಂದರು. ಜನ ಬಂದ ಮೇಲೆ ಓಣಿಯ ಬಾಡಿಗೆ ಏರಿತು. ಏರಿದ ಬಾಡಿಗೆ ಹೊಸಬರಿಗೆ ಮಾತ್ರವಲ್ಲ, ಮೂವತ್ತು ವರ್ಷದಿಂದ ಕೂತ ಮೀನಿನವನ ಕರಾರು ನವೀಕರಣಕ್ಕೂ ಬಂದು ಕೂತಿತು. ಸಂಜೆಯ ವೈನಿನ ಲಾಭದಲ್ಲಿ ಕಟ್ಟಬಹುದಾದ ಬಾಡಿಗೆಯನ್ನು ಬೆಳಗಿನ ಮೀನಿನ ಲಾಭದಲ್ಲಿ ಕಟ್ಟುವುದು ಹೇಗೆ? ಓಣಿಗೆ ಜೀವ ತುಂಬಿದವರ ಬೆವರಿನ ಬೆಲೆ ಜಮೆಯಾದದ್ದು ಒಡೆಯರ ಖಾತೆಗೆ. ಅದರ ಮೊತ್ತ 2018ರಲ್ಲಿ ಗೊತ್ತಾಯಿತು: ಬ್ರಿಕ್ಸ್‌ಟನ್ ವಿಲೇಜ್ ಮತ್ತು ಮಾರ್ಕೆಟ್ ರೋ ಎರಡನ್ನೂ ಹೊಂಡೊ ಎಂಟರ್‌ಪ್ರೈಸಸ್ ಸುಮಾರು 3.7 ಕೋಟಿ ಪೌಂಡಿಗೆ ಕೊಂಡಿತು. ಅದರ ಮುಖ್ಯಸ್ಥ ಟೇಲರ್ ಮೆಕ್‌ವಿಲಿಯಮ್ಸ್, ಟೆಕ್ಸಸ್ ಮೂಲದ ಉದ್ಯಮಿ, ಹವ್ಯಾಸಕ್ಕೆ ಡಿಜೆ.

ವ್ಯಾಪಾರಿಗಳಿಗೆ ಕಾನೂನಿನ ಆಸರೆ ಇಲ್ಲವೇ ಇಲ್ಲ ಎಂದಲ್ಲ. 1954ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆ ಅಂಗಡಿಗಳಿಗೆ ಕರಾರು ನವೀಕರಿಸಿಕೊಳ್ಳುವ ಹಕ್ಕು ಕೊಡುತ್ತದೆ. ಎರಡು ಕಿಂಡಿಗಳಿವೆ. ಒಂದು, ಕರಾರಿಗೆ ಸಹಿ ಹಾಕುವಾಗಲೇ ಆ ಹಕ್ಕು ಬೇಡ ಎಂದು ಬರೆಸಿಕೊಳ್ಳಬಹುದು. ಮಾತುಕತೆಯಲ್ಲಿ ಬಲ ಕಡಿಮೆ ಇರುವ ಸಣ್ಣ ವ್ಯಾಪಾರಿ ಬರೆದುಕೊಡುತ್ತಾನೆ. ಎರಡು, ಕಟ್ಟಡವನ್ನು ಕೆಡವುತ್ತೇನೆ ಅಥವಾ ದೊಡ್ಡ ಮಟ್ಟದಲ್ಲಿ ಬದಲಾಯಿಸುತ್ತೇನೆ ಎಂದು ಒಡೆಯ ರುಜುವಾತುಪಡಿಸಿದರೆ ನವೀಕರಣ ನಿರಾಕರಿಸಬಹುದು, ಪರಿಹಾರ ಕೊಟ್ಟು ಕಳಿಸಬಹುದು. ಮುವ್ವತ್ತು ವರ್ಷ ಕಟ್ಟಿಕೊಂಡ ಗಿರಾಕಿಯ ನಂಬಿಕೆಗೆ ಆ ಪರಿಹಾರದ ಲೆಕ್ಕದಲ್ಲಿ ಕಾಲಂ ಇಲ್ಲ.

2020ರಲ್ಲಿ ನೂರ್ ಕ್ಯಾಶ್ ಅಂಡ್ ಕ್ಯಾರಿ ಎಂಬ ದಿನಸಿ ಅಂಗಡಿಗೆ ಬಂದದ್ದು ಇಂಥದೇ ನೋಟಿಸು. ಅಕ್ಕಿ ಮೂಟೆ, ಮಸಾಲೆ, ಹಣ್ಣು, ಮಧ್ಯಪ್ರಾಚ್ಯದಿಂದ ಕೆರಿಬಿಯನ್‌ವರೆಗಿನ ಸಾಮಾನು ಸಿಗುವ ಅಂಗಡಿ. ಸುತ್ತಲಿನ ಹೋಟೆಲಿನವರೂ ಅಲ್ಲೇ ಕೊಳ್ಳುವುದು. ಆ ಜಾಗದಲ್ಲಿ ವಿದ್ಯುತ್ ಸಬ್‌ಸ್ಟೇಷನ್ ಬೇಕು ಎಂಬುದು ಒಡೆಯರು ಕೊಟ್ಟ ಕಾರಣ. ಸಾವಿರಾರು ಮಂದಿ ಸಹಿ ಹಾಕಿದರು. ಲಾಕ್‌ಡೌನ್ ಬಂದು ಬೀದಿಗಿಳಿಯುವಂತಿರಲಿಲ್ಲ. ಆಗ ಹೋರಾಟಗಾರರು ಮೆಕ್‌ವಿಲಿಯಮ್ಸ್ ತಂಡದ ಆನ್‌ಲೈನ್ ಡಿಜೆ ಕಾರ್ಯಕ್ರಮಕ್ಕೆ ನುಗ್ಗಿ ಘೋಷಣೆಗಳನ್ನು ತೋರಿಸಿದರು. ಕೆಲವೇ ತಿಂಗಳಲ್ಲಿ ಒಪ್ಪಂದವಾಗಿ ನೂರ್ ಮಾರುಕಟ್ಟೆಯಲ್ಲೇ ಉಳಿಯಿತು. ನೂರ್ ಉಳಿದದ್ದು ಅದರ ಹೆಸರು ಊರಿಗೆಲ್ಲ ಗೊತ್ತಿದ್ದರಿಂದ. ನಾಲ್ಕಡಿ ಅಗಲದ ಅಂಗಡಿಯಲ್ಲಿ ಜಿಪ್ ರಿಪೇರಿ ಮಾಡುವವನಿಗಾಗಿ ಯಾರು ಆಂದೋಲನ ಕಟ್ಟುತ್ತಾರೆ?

ಅಟ್ಲಾಂಟಿಕ್ ರೋಡ್‌ನ ರೈಲು ಸೇತುವೆ ಕಮಾನುಗಳ ಕತೆಯೂ ಇದೇ ಜಾಡಿನದು. ಅಲ್ಲಿ ಆಗ ಒಡೆಯ ನೆಟ್‌ವರ್ಕ್ ರೈಲ್, ಅಂದರೆ ಸರ್ಕಾರಿ ಸಂಸ್ಥೆ. 2015ರಲ್ಲಿ ದುರಸ್ತಿಯ ಹೆಸರಲ್ಲಿ ಹಳೆಯ ಅಂಗಡಿಗಳನ್ನು ಖಾಲಿ ಮಾಡಿಸುವ ಪ್ರಕಟಣೆ ಬಂತು. ವಾಪಸು ಬರಬಹುದು, ಆದರೆ ಹೊಸ ಬಾಡಿಗೆ ಹಲವು ಪಟ್ಟು. ವ್ಯಾಪಾರಿಗಳು ಶಟರುಗಳ ಮೇಲೆ ಚಿತ್ರ ಬರೆಸಿದರು, ಒಂದು ದಿನ ಎಲ್ಲ ಬಾಗಿಲೂ ಮುಚ್ಚಿದರು. ಬಹಳಷ್ಟು ಮಂದಿ ಹಿಂದಿರುಗಲಿಲ್ಲ. 2019ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸಿನ ಇಂಥ ಸಾವಿರಾರು ಕಮಾನುಗಳೆಲ್ಲ ಒಟ್ಟಾಗಿ 146 ಕೋಟಿ ಪೌಂಡಿಗೆ ಬ್ಲಾಕ್‌ಸ್ಟೋನ್ ಮತ್ತು ಟೆಲಿರಿಯಲ್ ಟ್ರಿಲಿಯಂ ಕಂಪನಿಗಳ ಪಾಲಾದವು.

ಒಂದೇ ಮೆಟ್ಟಿಲು, ಬೇರೆ ಬೇರೆ ಪತ್ರ

ಅಂಗಡಿಗಳಿಂದ ಮನೆಗಳಿಗೆ ಬರೋಣ. ಲಫ್‌ಬರೋ ಪಾರ್ಕ್‌ನಲ್ಲಿ ಗಿನ್ನೆಸ್ ಹೆಸರಿನ ವಸತಿ ಸಂಸ್ಥೆಯ 1930ರ ದಶಕದ ವಸತಿ ಸಮುಚ್ಚಯವೊಂದಿತ್ತು. ಅದನ್ನು ಕೆಡವಿ ಹೊಸದಾಗಿ ಕಟ್ಟಲು ಹೊರಟಾಗ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನೆರೆಹೊರೆಯವರು ಎರಡು ಪಂಗಡವಾದರು. ಹಳೆಯ ಕಾಯಂ ಬಾಡಿಗೆ ಪತ್ರ ಇದ್ದವರಿಗೆ ಬೇರೆ ಮನೆ ಕೊಡುವುದು ಸಂಸ್ಥೆಯ ಹೊಣೆ. ಆದರೆ ಯೋಜನೆಗೆ ಮುಂಚಿನ ವರ್ಷಗಳಲ್ಲಿ ಖಾಲಿಯಾದ ಫ್ಲ್ಯಾಟುಗಳನ್ನು 1988ರ ವಸತಿ ಕಾಯ್ದೆಯಡಿಯ ಅಲ್ಪಾವಧಿ ಕರಾರಿನ ಮೇಲೆ ಕೊಟ್ಟಿದ್ದರು. ಈ ಕರಾರಿನವರಿಗೆ ಎರಡು ತಿಂಗಳ ನೋಟಿಸು ಕೊಟ್ಟರೆ ಸಾಕಿತ್ತು, ಕಾರಣ ಹೇಳಬೇಕಿರಲಿಲ್ಲ. ಅಲ್ಪಾವಧಿ ಎಂದು ಬಂದ ಕೆಲವರು ವರ್ಷಾನುಗಟ್ಟಲೆ ಅಲ್ಲೇ ಇದ್ದರು, ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿದ್ದರು. 2015ರಲ್ಲಿ ಇವರು ಖಾಲಿ ಫ್ಲ್ಯಾಟುಗಳನ್ನು ಆಕ್ರಮಿಸಿಕೊಂಡು ಕೂತರು. ಹೊರಹಾಕಲಾಯಿತು. ಕಾರಣವಿಲ್ಲದ ನೋಟಿಸನ್ನು ರದ್ದು ಮಾಡುವ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅಂಗೀಕಾರವಾದದ್ದು ಹತ್ತು ವರ್ಷ ಕಳೆದು, 2025ರಲ್ಲಿ.

ಬ್ರಾಕ್‌ವೆಲ್ ಪಾರ್ಕಿನ ಅಂಚಿನಲ್ಲಿರುವ ಕ್ರೆಸಿಂಗಮ್ ಗಾರ್ಡನ್ಸ್‌ನವರ ಗತಿ ಬೇರೆ. 306 ಮನೆಗಳ ಈ ಸಮುಚ್ಚಯ ಕೌನ್ಸಿಲ್‌ನದು. ಅದನ್ನು ಕೆಡವುವ ದಾರಿ ಹಿಡಿದ, ಬ್ರಿಕ್ಸ್‌ಟನ್ ಸೇರಿರುವ ಲ್ಯಾಂಬೆತ್ ಕೌನ್ಸಿಲ್ಲಿನ ಸಮಾಲೋಚನೆ ಸರಿಯಿಲ್ಲವೆಂದು 2015ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. 2016ರಲ್ಲಿ ಕೌನ್ಸಿಲ್ ಮತ್ತದೇ ತೀರ್ಮಾನಕ್ಕೆ ಬಂತು. ಆದರೂ ಮನೆಗಳು ನಿಂತಿವೆ. ಅಲ್ಲಿದ್ದವರ ಕೈಯಲ್ಲಿ ಕೌನ್ಸಿಲ್ಲಿನ ಕಾಯಂ ಪತ್ರ ಇತ್ತು, ಕೆಲವರ ಬಳಿ ಕ್ರಯಪತ್ರ ಇತ್ತು. ನ್ಯಾಯಾಲಯದ ಮೆಟ್ಟಿಲು ಹತ್ತಲು, ಕಾಲ ತಳ್ಳಲು ಅದು ನೆಲೆ ಕೊಟ್ಟಿತು.

ಲ್ಯಾಂಬೆತ್ ಆಡಳಿತದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬ್ರಿಕ್ಸ್‌ಟನ್ ನಟ್ಟನಡುವೆ ಗಡಿಯಾರ ಗೋಪುರ ಹೊತ್ತು ನಿಂತ 1908ರ ಟೌನ್ ಹಾಲ್‌ನಲ್ಲಿ 2010ರಿಂದ ಒಂದು ವರ್ಷ ಮೇಯರ್ ಪೀಠದಲ್ಲಿ ಕೂತವರು ಕಲಬುರಗಿ ಮೂಲದ ವೈದ್ಯ ಡಾ. ನೀರಜ್ ಪಾಟೀಲ. 2015ರ ನವೆಂಬರ್ 14ರಂದು ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಇರುವುದೂ ಇದೇ ಲ್ಯಾಂಬೆತ್‌ನಲ್ಲಿ. ಪ್ರತಿಮೆ ನೋಡಲು ಹೋಗುವ ನಮ್ಮವರು ನದಿಯ ದಡದಿಂದ ಹಾಗೇ ವಾಪಸಾಗುತ್ತಾರೆ. ಒಂದು ಬಸ್ಸು ಹತ್ತಿದರೆ ಬ್ರಿಕ್ಸ್‌ಟನ್ ಸಿಗುತ್ತದೆ.

ಜನಗಣತಿ ನೋಡಿದರೆ ಒಂದು ಸಂಗತಿ ಗೊಂದಲ ಹುಟ್ಟಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಲ್ಯಾಂಬೆತ್‌ನಲ್ಲಿ ತಮ್ಮನ್ನು ಕಪ್ಪು ಜನಾಂಗದವರೆಂದು ಬರೆಸಿದವರು 2011ರಲ್ಲೂ 2021ರಲ್ಲೂ ಸುಮಾರು ಕಾಲುಭಾಗ; ಇಳಿಕೆ ಅಲ್ಪ. ಹಾಗಾದರೆ ಎತ್ತಂಗಡಿ ಎಂಬುದು ಬರೀ ಗುಲ್ಲೇ? ಅಲ್ಲ. ಲ್ಯಾಂಬೆತ್‌ನ ಸುಮಾರು ಮೂರನೇ ಒಂದು ಭಾಗ ಮನೆಗಳು ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳ ಕಡಿಮೆ ಬಾಡಿಗೆಯ ಮನೆಗಳು. ಬೀದಿಯಲ್ಲಿ ಕಾಫಿಯ ಬೆಲೆ ಎಷ್ಟೇ ಆಗಲಿ, ಆ ಮನೆಯಲ್ಲಿರುವವರನ್ನು ಅದು ಕದಲಿಸುವುದಿಲ್ಲ. 1980ರ ವಸತಿ ಕಾಯ್ದೆ ಕೌನ್ಸಿಲ್ ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮನೆ ಕೊಳ್ಳುವ ಹಕ್ಕು ಕೊಟ್ಟ ಮೇಲೆ ಇಂಥ ಮನೆಗಳ ಸಂಖ್ಯೆ ಕರಗುತ್ತ ಬಂದಿದ್ದರೂ ಇನ್ನೂ ಸಾಕಷ್ಟಿವೆ. ಬ್ರಿಕ್ಸ್‌ಟನ್ ಇನ್ನೂ ಬ್ರಿಕ್ಸ್‌ಟನ್ ಆಗಿದ್ದರೆ ಅದಕ್ಕೆ ಕಾರಣ ಅದರ 'ವೈಬ್' ಅಲ್ಲ, ಈ ನೀರಸ ಕೆಂಪು ಇಟ್ಟಿಗೆಯ ಕಟ್ಟಡಗಳು.

ಕದಲಿದವರು ಖಾಸಗಿ ಬಾಡಿಗೆಯವರು ಮತ್ತು ಮುಂದಿನ ತಲೆಮಾರು. ಕೌನ್ಸಿಲ್ ಮನೆಯಲ್ಲಿ ಬೆಳೆದ ಮಗಳಿಗೆ ಇಪ್ಪತ್ತೈದಾದಾಗ ತಾಯಿಯ ಪಕ್ಕದ ಬೀದಿಯಲ್ಲಿ ಕೋಣೆ ಹಿಡಿಯುವ ಶಕ್ತಿಯಿಲ್ಲ. ಅವಳು ಕ್ರಾಯ್ಡನ್‌ಗೋ ಇನ್ನೂ ಆಚೆಗೋ ಹೋಗುತ್ತಾಳೆ, ಭಾನುವಾರ ಚರ್ಚಿಗೆ, ಸಂತೆಗೆ ಬರುತ್ತಾಳೆ. ಚಿಕ್ಕ ಮಕ್ಕಳಿರುವ ಕುಟುಂಬಗಳು ಕಡಿಮೆಯಾಗಿ ಪ್ರಾಥಮಿಕ ಶಾಲೆಗಳಲ್ಲಿ ಬೆಂಚುಗಳು ಖಾಲಿ ಬಿದ್ದಿವೆ. 2024ರಲ್ಲಿ ಲ್ಯಾಂಬೆತ್ ಕೌನ್ಸಿಲ್ ಶಾಲೆಗಳನ್ನು ವಿಲೀನ ಮಾಡುವ ಪ್ರಸ್ತಾವ ಮುಂದಿಟ್ಟಿತು.

ಪಾರ್ಡ್ನರ್ ಗಂಟಿನಲ್ಲಿ ಮನೆ ಕೊಂಡವರದು ಇನ್ನೊಂದು ಬಗೆ. ಇವರನ್ನು ಯಾರೂ ಹೊರಹಾಕಲಿಲ್ಲ. ಅರವತ್ತು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಮನೆಗೆ ಈಗ ಹತ್ತು ಲಕ್ಷ ಪೌಂಡಿಗೂ ಮೀರಿ ಬೆಲೆ ಬರಬಹುದು. ಕೆಲವರು ಮಾರಿ ಜಮೈಕಾಕ್ಕೆ ಹಿಂದಿರುಗಿ ಮನೆ ಕಟ್ಟಿಸಿಕೊಂಡರು. ಇಲ್ಲೇ ತೀರಿಕೊಂಡವರ ಮನೆಯನ್ನು ನಾಲ್ಕು ಮಕ್ಕಳು ಪಾಲು ಮಾಡಿಕೊಳ್ಳಬೇಕು, ಮಿತಿ ಮೀರಿದ ಆಸ್ತಿಯ ಮೇಲೆ ಶೇ. 40ರ ಪಿತ್ರಾರ್ಜಿತ ತೆರಿಗೆ ಕಟ್ಟಬೇಕು. ಒಬ್ಬರೇ ಉಳಿದವರ ಪಾಲು ಕೊಳ್ಳಲಾರರು. ಮನೆ ಮಾರಾಟಕ್ಕೆ ಹೋಗುತ್ತದೆ, ಕೊಳ್ಳುವವರು ಬ್ಯಾಂಕಿನಲ್ಲೋ ವಕೀಲಿಕೆಯಲ್ಲೋ ಇರುವ ದಂಪತಿ. ಇದನ್ನು ಎತ್ತಂಗಡಿ ಎನ್ನಲಾಗದು, ಮಾರಿದವರಿಗೆ ಲಾಭವೇ ಆಯಿತು. ಆದರೂ ಆ ಬೀದಿಯಲ್ಲಿ ಕೆರಿಬಿಯನ್ ಕುಟುಂಬ ಒಂದು ಕಡಿಮೆಯಾಯಿತು. ಪ್ರತಿಭಟನೆಗಳ ಬ್ಯಾನರಿನಲ್ಲಿ ಇದಕ್ಕೆ ಜಾಗವಿಲ್ಲ, ಬೈಯಲು ಖಳನಾಯಕನೇ ಇಲ್ಲ.

ಸ್ಕ್ವಾಟ್‌ಗಳಲ್ಲಿದ್ದವರ ಕತೆ ಬೇಗ ಮುಗಿಯಿತು. ರಶ್‌ಕ್ರಾಫ್ಟ್ ರೋಡ್‌ನ ಕಟ್ಟಡಗಳಲ್ಲಿ ದಶಕಗಟ್ಟಲೆ ಇದ್ದವರನ್ನು 2013ರ ಜುಲೈನಲ್ಲಿ ತೆರವು ಮಾಡಿಸಿದರು. ಕೌನ್ಸಿಲ್ಲಿನ ಹಳೆ ಮನೆಗಳನ್ನು ಸಹಕಾರ ಸಂಘ ಕಟ್ಟಿಕೊಂಡು ರಿಪೇರಿ ಮಾಡಿ ಇದ್ದವರ ಹಲವು ಮನೆಗಳನ್ನು ಕೌನ್ಸಿಲ್ ವಾಪಸು ಪಡೆದು ಹರಾಜು ಹಾಕಿತು. ಒಲಿವ್ ಮಾರಿಸ್ ಹೆಸರನ್ನು ಕೌನ್ಸಿಲ್ ತನ್ನದೊಂದು ಕಚೇರಿ ಕಟ್ಟಡಕ್ಕೆ ಇಟ್ಟಿತ್ತು. ಫ್ಲ್ಯಾಟುಗಳಿಗೆ ಜಾಗ ಬೇಕೆಂದು ಆ ಕಟ್ಟಡವನ್ನೂ ಕೆಡವಿತು.

ಗೋಪುರ

ಕೊನೆಯ ದೊಡ್ಡ ಜಗಳ ಎಲೆಕ್ಟ್ರಿಕ್ ಅವೆನ್ಯೂ ಬೆನ್ನಿಗಿರುವ ಪೋಪ್ಸ್ ರೋಡ್‌ನದು. ಅಲ್ಲಿ ಇಪ್ಪತ್ತು ಅಂತಸ್ತಿನ ಕಚೇರಿ ಗೋಪುರ ಕಟ್ಟಲು ಹೊಂಡೊ ಅರ್ಜಿ ಹಾಕಿತು. ವಿನ್ಯಾಸ ಡೇವಿಡ್ ಅಡ್ಜಾಯೆ ಅವರದು. ವಿಂಡ್‌ರಶ್ ಚೌಕದಲ್ಲಿ ಚೆರಿ ಗ್ರೋಸ್ ಸ್ಮಾರಕವನ್ನು ವಿನ್ಯಾಸ ಮಾಡಿದ್ದೂ ಇವರೇ. ಕೌನ್ಸಿಲ್ 2020ರ ನವೆಂಬರ್‌ನಲ್ಲಿ ಒಪ್ಪಿತು. ಉದ್ಯೋಗ ಬರುತ್ತದೆ, ಹಗಲು ಹೊತ್ತಿನ ಗಿರಾಕಿಗಳು ಬರುತ್ತಾರೆ, ಅಗ್ಗದ ದರದ ಒಂದಷ್ಟು ಜಾಗ ಸಿಗುತ್ತದೆ ಎಂಬುದು ಪರವಾದಿಗಳ ಮಾತು. ಕೇಂದ್ರದ ಅನುದಾನ ವರ್ಷ ವರ್ಷ ಕಡಿತಗೊಂಡ ಕೌನ್ಸಿಲ್‌ಗೆ ಇಂಥ ಕಟ್ಟಡಗಳಿಂದ ಬರುವ ಶುಲ್ಕ, ವಾಣಿಜ್ಯ ತೆರಿಗೆ ಬಿಡಲಾಗದ ಆಮಿಷ. ಅವರನ್ನು ಸುಮ್ಮನೆ ಜರೆಯಲು ನನಗೆ ಮನಸ್ಸಿಲ್ಲ. ನೂರ್ ಅಂಗಡಿಗಾಗಿ ಸೇರಿದ್ದ ಜನವೇ ಮತ್ತೆ ಕೂಡಿದರು, ಸಾವಿರಗಟ್ಟಲೆ ಆಕ್ಷೇಪಣೆಗಳು ಹೋದವು. ಲಂಡನ್ ಮೇಯರ್ ಸಾದಿಕ್ ಖಾನ್ ಅರ್ಜಿಯನ್ನು ತಮ್ಮ ಕೈಗೆತ್ತಿಕೊಂಡರು. ತೀರ್ಪು ಬರುವ ಮೊದಲೇ, 2023ರಲ್ಲಿ, ಹೊಂಡೊ ಅರ್ಜಿಯನ್ನು ಹಿಂತೆಗೆದುಕೊಂಡಿತು.

ಗೆದ್ದವರು ಅಂದು ಸಂಭ್ರಮಿಸಿದ್ದು ನ್ಯಾಯವೇ. ಆದರೆ ಜಾಗದ ಒಡೆತನ ಜನರ ಕೈಗೆ ಬರಲಿಲ್ಲ, ಅರ್ಜಿ ವಾಪಸು ಹೋಯಿತಷ್ಟೇ. ನಾಳೆ ಇನ್ನೊಂದು ನಕ್ಷೆಯೊಂದಿಗೆ ಇನ್ನೊಬ್ಬರು ಬಂದರೆ ತಡೆಯುವ ಕಾನೂನಿಲ್ಲ. ಓಣಿಯೊಳಗಿನ ಮೀನಂಗಡಿಗಳ, ದಿನಸಿ ಅಂಗಡಿಗಳ ಕರಾರುಗಳು ಒಂದೊಂದೂ ತನ್ನದೇ ತಾರೀಖಿಗೆ ಮುಗಿಯುತ್ತವೆ. ಪ್ರತಿಯೊಂದರ ನವೀಕರಣವೂ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬ ವ್ಯಾಪಾರಿ ಮತ್ತು ಒಡೆಯರ ಸರ್ವೇಯರ್ ನಡುವೆ ನಡೆಯುವ ಮಾತುಕತೆ.